ಅನ್ಯರ ಯಂತ್ರಕ್ಕೆ ಅಂಗವಾದವರು: ಬಾಷ್ ಮತ್ತು ಮೈಕೋ ಸಂಸ್ಥೆಗಳ ಒಂದು ಸಮೀಕ್ಷೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಹಳ್ಳಿಗಳ ಹೆಸರನ್ನು ಮೂರು ಅಕ್ಷರಗಳಿಗೆ ಇಳಿಸಿ ‘ಬಿ.ಟಿ.ಎಂ.’ ಎಂದು ಕರೆಯಲಾಗಿರುವ ಬಡಾವಣೆಯ ಮಗ್ಗುಲಲ್ಲೇ ‘ಮೈಕೋ ಲೇಔಟ್’ ಎಂಬ ಹೆಸರೂ ಬಳಕೆಯಲ್ಲಿದೆ. ಆ ಹೆಸರಿನ ಪೊಲೀಸ್ ಠಾಣೆಯೂ ಉಂಟು. ದೇವರ ಹೆಸರು, ದೊರೆಗಳ ಹೆಸರು, ದಿವಾನರ ಹೆಸರು, ದೇಶಭಕ್ತರ ಹೆಸರು ಊರುಕೇರಿಗಳಿಗೆ ಸಲ್ಲುವುದು ನಮ್ಮಲ್ಲಿ ನಡೆದುಬಂದ ರೂಢಿಯಷ್ಟೆ. ಆದರೆ ತಾನಾಗಿ ಒಂದು ಕಾರನ್ನಾಗಲಿ, ಒಂದು ಲಾರಿಯನ್ನಾಗಲಿ ಬೀದಿಗಿಳಿಸದೆ, ಅನ್ಯರು ಕಟ್ಟಿದ ವಾಹನಗಳ ಒಡಲೊಳಗೆ ಅಡಗಿ ಕುಳಿತುಕೊಳ್ಳುವ ಪಂಪು, ಪ್ಲಗ್ಗು, ನಾಜಲ್ಲುಗಳನ್ನು ಮಾಡುತ್ತಿದ್ದ ಒಂದು ಕಾರ್ಖಾನೆಯ ಹೆಸರು, ಅದೂ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಎಂಬ ನೀರಸವಾದ ಹೆಸರಿನ ಮೊದಲಕ್ಷರಗಳು, ಹೀಗೆ ಜನರ ನಾಲಗೆಯ ಮೇಲೆ ನೆಲೆನಿಂತುದು ವಿಚಾರಾರ್ಹವಾದ ಸಂಗತಿ.

ವಾಹನವನ್ನು ಕೊಳ್ಳುವವನು ಅದರ ಮೂತಿಯ ಮೇಲಿನ ಲಾಂಛನವನ್ನು ನೋಡಿ ಕೊಳ್ಳುತ್ತಾನೆಯೇ ಹೊರತು, ಅದರೊಳಗಿನ ಸಾವಿರಾರು ಬಿಡಿಭಾಗಗಳನ್ನು ಯಾರು ಯಾರು ಮಾಡಿದರೆಂಬುದನ್ನು ವಿಚಾರಿಸುವುದಿಲ್ಲ. ಆ ಹೆಸರುಗಳು ಗೊತ್ತಿರುವುದು ಮೆಕ್ಯಾನಿಕ್ಕಿಗೆ, ಬಿಡಿಭಾಗಗಳ ಅಂಗಡಿಯವನಿಗೆ. ಯಜಮಾನನಿಗೆ ಗೊತ್ತಾಗುವುದು ಗಾಡಿ ನಡುದಾರಿಯಲ್ಲಿ ಕೈಕೊಟ್ಟಾಗ ಮಾತ್ರ. ಇಂತಹ ಪರಾಶ್ರಿತವಾದ ವೃತ್ತಿಯಲ್ಲಿ ತೊಡಗಿದ ಒಂದು ಸಂಸ್ಥೆ ತನ್ನ ಗಿರಾಕಿಗಳಲ್ಲಿ ಅನೇಕರಿಗಿಂತ ದೊಡ್ಡದಾಗಿ ಬೆಳೆಯುವುದು ಹೇಗೆ, ಬೆಳೆದ ಮೇಲೆ ಅದರ ಹೊಣೆ ಎಲ್ಲಿಯವರೆಗೆ, ಆಶ್ರಯವಿತ್ತ ಯಂತ್ರವೇ ಮರೆಯಾಗತೊಡಗಿದರೆ ಅದರ ಗತಿಯೇನು ಎಂಬ ಪ್ರಶ್ನೆಗಳನ್ನು ಜರ್ಮನಿಯ ಬಾಷ್ ಸಂಸ್ಥೆಯನ್ನೂ ಅದರ ಬೆಂಗಳೂರಿನ ಶಾಖೆಯಾದ ಮೈಕೋವನ್ನೂ ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನನಗೆ ತೋರುವ ಮಟ್ಟಿಗೆ, ಬಿಡಿಭಾಗ ಮಾಡುವವನ ಏಳಿಗೆಯ ಗುಟ್ಟು ಇರುವುದು ಸ್ವಂತ ಕನಸಿನಲ್ಲಲ್ಲ. ಪರರ ಯಂತ್ರದ ಸಂಕಟವನ್ನು ತನ್ನ ಸಂಕಟವೆಂದು ಎತ್ತಿಕೊಳ್ಳುವುದರಲ್ಲಿ.

ರಾಬರ್ಟ್ ಬಾಷ್ ಹುಟ್ಟಿದುದು 1861ರಲ್ಲಿ, ಉಲ್ಮ್ ಪಟ್ಟಣದ ಸಮೀಪದ ಆಲ್ಬೆಕ್ ಎಂಬ ಹಳ್ಳಿಯಲ್ಲಿ. 1886ರ ನವೆಂಬರಿನಲ್ಲಿ ಆತನು ಸ್ಟುಟ್‌ಗಾರ್ಟ್ ನಗರದಲ್ಲಿ ಸೂಕ್ಷ್ಮಯಂತ್ರ ಮತ್ತು ವಿದ್ಯುತ್ ಕೆಲಸಗಳಿಗಾಗಿ ಒಂದು ಕಾರ್ಯಾಗಾರವನ್ನು ತೆರೆದಾಗ ಅವನ ಬಳಿ ಇದ್ದವರು ಒಬ್ಬ ಕುಶಲಕರ್ಮಿ, ಒಬ್ಬ ಓಡಾಟದ ಹುಡುಗ, ಇಷ್ಟೇ. ದೂರವಾಣಿಯ ತಂತಿ ಎಳೆಯುವುದು, ಕರೆಗಂಟೆ ಜೋಡಿಸುವುದು, ಬಂದ ಕೆಲಸವನ್ನು ಬೇಡವೆನ್ನದೆ ಮಾಡಿಕೊಡುವುದು, ಹೀಗೆ ಸಾಗುತ್ತಿದ್ದ ಅಂಗಡಿಗೆ ಮರುವರ್ಷ ಒಬ್ಬ ಗಿರಾಕಿ ಬಂದು, ಡಾಯ್ಟ್ಸ್ ಕಾರ್ಖಾನೆಯ ಸ್ಥಿರ ಎಂಜಿನ್ನಿಗೆ ಅಳವಡಿಸಿದ್ದಂತಹ ಕಿಡಿ ಹೊತ್ತಿಸುವ ಸಾಧನವೊಂದು ತನಗೂ ಬೇಕೆಂದು ಕೇಳಿದನು. ಆ ಸಾಧನಕ್ಕೆ ಪೇಟೆಂಟಿನ ಕಟ್ಟು ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಅದನ್ನು ತಿದ್ದಿ ತೀಡಿ ಮಾಡಿಕೊಟ್ಟ ಬಾಷ್‌ನ ಕೈಗೆ ಮ್ಯಾಗ್ನೆಟೋ ಎಂಬ ವಸ್ತು ಬಂದುದು ಹೀಗೆ: ಆವಿಷ್ಕಾರದ ಮೂಲಕವಲ್ಲ, ಗಿರಾಕಿಯ ಬೇಡಿಕೆಯ ಮೂಲಕ.

ಅಂದಿನ ಮೋಟಾರು ವಾಹನದ ಅತಿ ದೊಡ್ಡ ವ್ಯಾಧಿಯೆಂದರೆ ಕಿಡಿಯ ವ್ಯಾಧಿ. ಸಿಲಿಂಡರಿನೊಳಗೆ ಒತ್ತಿಹಿಡಿದ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ತಕ್ಕ ಕ್ಷಣದಲ್ಲಿ ಹೊತ್ತಿಸದಿದ್ದರೆ ಎಂಜಿನ್ನು ಬರಿಯ ಕಬ್ಬಿಣ. ಹೊತ್ತಿಸಲೆಂದು ಕೆಲವರು ಉರಿಯುವ ದೀಪದಿಂದ ಕೊಳವೆಯೊಂದನ್ನು ಕಾಯಿಸಿಡುತ್ತಿದ್ದರು, ಕೆಲವರು ಪದೇ ಪದೇ ಬರಿದಾಗುವ ಬ್ಯಾಟರಿಗಳನ್ನು ಹೊತ್ತು ತಿರುಗುತ್ತಿದ್ದರು. 1897ರಲ್ಲಿ ಫ್ರೆಡರಿಕ್ ಸಿಮ್ಸ್ ಎಂಬ ಆಂಗ್ಲ ವ್ಯಾಪಾರಿಯು ಡ ಡಿಯೋಂ-ಬೂತೋಂ ಕಂಪನಿಯ ಮೂರು ಚಕ್ರದ ಬಂಡಿಯೊಂದಕ್ಕೆ ಮ್ಯಾಗ್ನೆಟೋ ಕೂರಿಸಿಕೊಡಬೇಕೆಂದು ಕೇಳಿದಾಗ ಎದ್ದ ತೊಡಕು ಸಾಮಾನ್ಯವಾದುದಲ್ಲ. ಆ ಬಂಡಿಯ ಎಂಜಿನ್ನು ನಿಮಿಷಕ್ಕೆ 1,800 ಸುತ್ತು ತಿರುಗುತ್ತಿತ್ತು; ಬಾಷ್‌ನ ಸಾಧನವೋ ನಿಮಿಷಕ್ಕೆ 200 ಕಿಡಿಗಳ ಮೇಲೆ ಒಂದನ್ನೂ ಕೊಡಲಾರದು. ಕಾರ್ಯಾಗಾರದ ಮೇಸ್ತ್ರಿಯಾಗಿದ್ದ ಆರ್ನಾಲ್ಡ್ ಟ್ಸೇರಿಂಗರ್ ಎಂಬಾತನು, ಭಾರವಾದ ಆರ್ಮೇಚರನ್ನೇ ಅಲುಗಿಸುವ ಬದಲು ಅದನ್ನು ನಿಶ್ಚಲವಾಗಿರಿಸಿ, ಅದಕ್ಕೂ ಅಯಸ್ಕಾಂತಕ್ಕೂ ನಡುವೆ ಹಗುರವಾದ ಲೋಹದ ಕವಚವೊಂದನ್ನು ಅತ್ತಿತ್ತ ಆಡಿಸುವ ಉಪಾಯದಿಂದ ಆ ತೊಡಕನ್ನು ಬಿಡಿಸಿದನು. ಜಗದ್ವ್ಯಾಪಿಯಾದ ಸಂಸ್ಥೆಯ ಬುನಾದಿಯಲ್ಲಿ ಒಬ್ಬ ಮೇಸ್ತ್ರಿಯ ಯುಕ್ತಿ ಇದೆಯೆಂಬುದು, ಶೇರುಪೇಟೆಯ ಭಾಷೆಯಲ್ಲಿ ಮಾತ್ರ ಕೈಗಾರಿಕೆಯ ಇತಿಹಾಸವನ್ನು ಬರೆಯುವವರು ಮರೆಯದಿರಬೇಕಾದ ವಿಷಯ.

1902ರಲ್ಲಿ ಗಾಟ್‌ಲೋಬ್ ಹೊನೋಲ್ಡ್ ಎಂಬ ಎಂಜಿನಿಯರು ಅಧಿಕ ವೋಲ್ಟೇಜಿನ ಮ್ಯಾಗ್ನೆಟೋವನ್ನೂ ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಗೊಳಿಸಿದ ಮೇಲೆ, ಸಿಲಿಂಡರಿನೊಳಗೆ ಚಲಿಸುವ ಭಾಗವೊಂದೂ ಇಲ್ಲದೆ ಕಿಡಿಯು ತಾನೇ ತಾನಾಗಿ ಅಂತರವನ್ನು ನೆಗೆದು ಹೊತ್ತಿಸುವಂತಾಯಿತು. ಮರುವರ್ಷ ಐರ್ಲೆಂಡಿನಲ್ಲಿ ನಡೆದ ಗಾರ್ಡನ್ ಬೆನೆಟ್ ಪಂದ್ಯದಲ್ಲಿ ಕಾಮಿ ಜೆನಾತ್ಸಿ ಎಂಬ ಕೆಂಗಡ್ಡದ ಸಾರಥಿಯು ಬಾಷ್ ಮ್ಯಾಗ್ನೆಟೋ ಇದ್ದ ಮರ್ಸಿಡಿಸ್ ಕಾರಿನಲ್ಲಿ ಗೆದ್ದನು; ಮುಂದೆ ಆತನ ಮುಖವನ್ನು ಕೆಂಪು ಪಿಶಾಚಿಯ ಮುಖವಾಗಿಸಿ ಸಂಸ್ಥೆಯು ಜಾಹೀರಾತು ಹೊರಡಿಸಿತು. ಗೆದ್ದವನು ಸಾರಥಿ, ಹೆಸರು ಬಂದುದು ಕಾರಿಗೆ, ಆದರೂ ಅದರ ಒಂದು ಪಾಲನ್ನು ಒಳಗಿನ ಅಂಗವೂ ಕೇಳಿ ಪಡೆದುಕೊಂಡಿತು. 1906ರಲ್ಲಿ ಬಾಷ್ ತನ್ನ ಕಾರ್ಖಾನೆಯಲ್ಲಿ ಎಂಟು ಗಂಟೆಗಳ ದುಡಿಮೆಯನ್ನು ಜಾರಿಗೆ ತಂದನು. ಸಮಕಾಲೀನ ಉದ್ಯಮಿಗಳು ಅವನನ್ನು ‘ಕೆಂಪು ಬಾಷ್’ ಎಂದು ಹಂಗಿಸಿದರೂ, ಎರಡು ಪಾಳಿಗಳನ್ನು ಸಲೀಸಾಗಿ ನಡೆಸಲು ಅದು ಅನುಕೂಲವಾಯಿತೆಂಬುದನ್ನೂ ಹೇಳದಿದ್ದರೆ ಚಿತ್ರ ಪೂರ್ಣವಾಗದು. ಹೀಗಿದ್ದೂ 1913ರಲ್ಲಿ ಅದೇ ಕಾರ್ಖಾನೆಯಲ್ಲಿ ಮುಷ್ಕರ ತಪ್ಪಲಿಲ್ಲ. ಆ ಹೊತ್ತಿಗೆ ಮಾರಾಟದ ಶೇಕಡಾ 80ಕ್ಕೂ ಮೀರಿದ ಪಾಲು ಹೊರದೇಶಗಳಿಂದ ಬರುತ್ತಿತ್ತು. ಮೊದಲ ಮಹಾಯುದ್ಧ ಬಂದುದೇ ಅಮೆರಿಕ, ಬ್ರಿಟನ್, ಫ್ರಾನ್ಸುಗಳಲ್ಲಿದ್ದ ಆಸ್ತಿಯೂ ಪೇಟೆಂಟುಗಳೂ ಕೈತಪ್ಪಿದುವು.

ಈಗ ನಾನು ಕೊಂಚ ನಿಂತು ನೋಡಬಯಸುವುದು ಡೀಸೆಲ್ ಪಂಪನ್ನು. ಏಕೆಂದರೆ ಬೆಂಗಳೂರಿಗೂ ಸ್ಟುಟ್‌ಗಾರ್ಟಿಗೂ ಗಂಟು ಬಿದ್ದುದು ಮುಖ್ಯವಾಗಿ ಆ ವಸ್ತುವಿನಿಂದ. ರುಡಾಲ್ಫ್ ಡೀಸೆಲನ ಎಂಜಿನ್ನು 1897ರಲ್ಲಿಯೇ ಔಗ್ಸ್‌ಬರ್ಗಿನಲ್ಲಿ ಓಡಿ ತೋರಿಸಿದ್ದರೂ, ಇಂಧನವನ್ನು ಸಿಲಿಂಡರಿನೊಳಕ್ಕೆ ಊದಲು ಭಾರವಾದ ಗಾಳಿಯಂತ್ರವೊಂದು ಜೊತೆಗೆ ಬೇಕಾಗಿದ್ದುದರಿಂದ ಅದು ಹಡಗುಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ನೆಲೆನಿಂತಿತೇ ಹೊರತು ರಸ್ತೆಗೆ ಇಳಿಯಲಿಲ್ಲ. ಗಾಳಿಯ ಹಂಗಿಲ್ಲದೆ ಇಂಧನವನ್ನೇ ಒತ್ತಿ ಚಿಮ್ಮಿಸುವ ಪಂಪನ್ನು ಮಾಡಬೇಕೆಂದು 1922ರಲ್ಲಿ ಸಂಕಲ್ಪ ಮಾಡಿದ ಬಾಷ್ ಸಂಸ್ಥೆಗೆ ಅದನ್ನು ಸಾಲುಸಾಲಾಗಿ ತಯಾರಿಸುವ ಹಂತ ಮುಟ್ಟಲು 1927ರವರೆಗೆ ಹಿಡಿಯಿತು. ಆ ಪಂಪಿನ ಹೃದಯವೆಂದರೆ ಬ್ಯಾರೆಲ್ ಎಂಬ ಉಕ್ಕಿನ ಕೊಳವೆ ಮತ್ತು ಅದರೊಳಗೆ ಮೇಲಕ್ಕೂ ಕೆಳಕ್ಕೂ ಆಡುವ ಪ್ಲಂಜರ್ ಎಂಬ ಕಡ್ಡಿ. ಇವೆರಡರ ನಡುವಣ ಎಡೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಅಂಶ, ಎಂದರೆ ತಲೆಗೂದಲಿನ ದಪ್ಪದಲ್ಲಿ ಸುಮಾರು ಇಪ್ಪತ್ತರಲ್ಲೊಂದು ಪಾಲು. ಎಡೆ ಇದಕ್ಕಿಂತ ಹೆಚ್ಚಾದರೆ ಡೀಸೆಲ್ ಸೋರಿ ಒತ್ತಡ ಏಳದು. ಕಡಿಮೆಯಾದರೆ ಪ್ಲಂಜರು ಕಚ್ಚಿಕೊಳ್ಳುತ್ತದೆ. ಅಂಗೈಯ ಬಿಸಿಯೇ ಅಳತೆಯನ್ನು ಕೆಡಿಸಬಲ್ಲುದಾದ್ದರಿಂದ ಅಳೆಯುವ ಕೋಣೆಯ ಉಷ್ಣತೆಯನ್ನು ಕಾಯ್ದಿಡಬೇಕಾಗುತ್ತದೆ. ಎರಡನ್ನೂ ಉಜ್ಜಿ ನಯಗೊಳಿಸಿ ಜೋಡಿ ಮಾಡಿದ ಮೇಲೆ ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರೆಲಿಗೆ ಹಾಕುವಂತಿಲ್ಲ. ಅದು ಏಕಪತ್ನೀವ್ರತದ ಲೋಹ. ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಒಂದು ತೋಡು ಇರುತ್ತದೆ. ಕ್ಯಾಮು ಅದನ್ನು ಎತ್ತುವ ಎತ್ತರ ಯಾವಾಗಲೂ ಒಂದೇ. ಆದರೆ ಚಾಲಕನು ಆಕ್ಸಿಲರೇಟರನ್ನು ತುಳಿದಾಗ ಹಲ್ಲುಪಟ್ಟಿಯೊಂದು ಪ್ಲಂಜರನ್ನು ಸ್ವಲ್ಪ ತಿರುಗಿಸಿ, ಆ ಓರೆ ತೋಡು ಬ್ಯಾರೆಲಿನ ರಂಧ್ರವನ್ನು ತೆರೆಯುವ ಕ್ಷಣವನ್ನು ಹಿಂದುಮುಂದಾಗಿಸುವುದರಿಂದ, ಒಂದೊಂದು ಹನಿಯ ಪ್ರಮಾಣ ಬದಲಾಗುತ್ತದೆ. ಘಾಟಿಯನ್ನು ಏರುವ ಲಾರಿಯ ಗರ್ಜನೆಯೆಲ್ಲ ಈ ಕಿರಿದಾದ ತಿರುವಿಗೆ ಅಧೀನ.

ಎರಡನೆಯ ಮಹಾಯುದ್ಧದ ಕಾಲದ ಅಧ್ಯಾಯವನ್ನು ಮುಚ್ಚಿಟ್ಟು ಮುಂದೆ ಹೋಗುವುದು ಸಲ್ಲದು. ಒಂದು ಕಡೆ ಹಿಟ್ಲರನ ವಿರೋಧಿಯಾದ ಕಾರ್ಲ್ ಗೊರ್ಡೆಲರ್ ಎಂಬಾತನಿಗೆ ಸಲಹೆಗಾರನ ಹುದ್ದೆ ಕೊಟ್ಟು ಆಶ್ರಯವಿತ್ತ, ಯಹೂದ್ಯರ ರಕ್ಷಣೆಗೆ ಹಣ ಒದಗಿಸಿದ ಸಂಸ್ಥೆಯೂ ಇದೇ. ಇನ್ನೊಂದು ಕಡೆ ನಾಜಿಗಳ ಸೈನ್ಯಕ್ಕೆ ವಾಹನದ ಮತ್ತು ವಿಮಾನದ ಭಾಗಗಳನ್ನು ಮಾಡಿಕೊಡುತ್ತ ಸುಮಾರು 20,000 ಮಂದಿಯನ್ನು ಬಲವಂತದ ದುಡಿಮೆಗೆ ಹಚ್ಚಿದ ಸಂಸ್ಥೆಯೂ ಇದೇ. ಸಂಸ್ಥೆಯ ಮುಖ್ಯಸ್ಥನಾಗಿದ್ದ ಹಾನ್ಸ್ ವಾಲ್ಟ್ಸನಿಗೆ ಯಹೂದ್ಯರನ್ನು ಉಳಿಸಿದುದಕ್ಕಾಗಿ 1969ರಲ್ಲಿ ಇಸ್ರೇಲಿನ ಗೌರವ ಸಂದಿತು. ಒಂದು ಪುಣ್ಯವು ಇನ್ನೊಂದು ಪಾಪವನ್ನು ಅಳಿಸುವುದೆಂದು ನಾನು ಭಾವಿಸಲಾರೆ. ಎರಡನ್ನೂ ಒಟ್ಟಿಗೆ ಬರೆದಿಡುವುದೇ ಸರಿ. 1942ರಲ್ಲಿ ಬಾಷ್ ತೀರಿಕೊಂಡನು. 1964ರಿಂದ ಸಂಸ್ಥೆಯ ಬಂಡವಾಳದ ಬಹುಪಾಲು ಒಂದು ಧರ್ಮದತ್ತಿಗೆ ಸೇರಿದ್ದು, ಈಗ ಅದು ಸುಮಾರು ಶೇಕಡಾ 94ರಷ್ಟಾಗಿದೆ. ಮೂರು ಮೂರು ತಿಂಗಳಿಗೆ ಲಾಭದ ಲೆಕ್ಕ ಕೇಳುವ ಶೇರುದಾರರ ಕಾಟವಿಲ್ಲದುದು ದೀರ್ಘಕಾಲದ ಸಂಶೋಧನೆಗೆ ಅನುಕೂಲವಾಯಿತೆಂಬ ಮಾತಿನಲ್ಲಿ ಹುರುಳುಂಟು.

ಭಾರತಕ್ಕೆ ಬರೋಣ. 1922ರಲ್ಲಿಯೇ ಕಲ್ಕತ್ತೆಯಲ್ಲಿ ಬಾಷ್ ಸರಕುಗಳ ಮಾರಾಟ ಆರಂಭವಾಗಿತ್ತಾದರೂ ತಯಾರಿಕೆಯ ಮಾತು ಹುಟ್ಟಿದುದು ಸ್ವಾತಂತ್ರ್ಯ ಬಂದ ಮೇಲೆ. ನಮ್ಮ ಸೀಮೆಯ ಮಟ್ಟಿಗೆ ಇಲ್ಲೊಂದು ವಿಚಿತ್ರವಾದ ಹಿನ್ನೆಲೆಯಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕಾರಿನ ಕಾರ್ಖಾನೆಗೆ ಯೋಜನೆ ಹಾಕಿ, ಯೂರೋಪು ಅಮೆರಿಕಗಳನ್ನು ಸುತ್ತಿ ಬಂದು, ವಾಲ್‌ಚಂದ್ ಹೀರಾಚಂದರೊಡನೆ ಸೇರಿ ಅದನ್ನು ಮೈಸೂರು ಸಂಸ್ಥಾನದಲ್ಲಿ ಸ್ಥಾಪಿಸಲು ಯತ್ನಿಸಿದರೂ ಬ್ರಿಟಿಷ್ ಸರ್ಕಾರದ ಅನುಕೂಲತೆ ದೊರೆಯಲಿಲ್ಲ. ಕಡೆಗೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಮುಂಬಯಿಯ ಪಾಲಾಯಿತು. ಇಡಿಯ ಕಾರನ್ನು ಬಯಸಿದ ಬೆಂಗಳೂರಿಗೆ 1951ರ ನವೆಂಬರಿನಲ್ಲಿ ಬಂದುದು ಬಿಡಿಭಾಗದ ಕಂಪನಿ! ಹಾಗೆಂದು ಕೊರಗಬೇಕಾಗಿಲ್ಲ. 1953ರಲ್ಲಿ ಭಾರತ ಸರ್ಕಾರವು ಸುಂಕ ಆಯೋಗದ ಸಲಹೆಯ ಮೇರೆಗೆ, ಹೊರಗಿನಿಂದ ಭಾಗಗಳನ್ನು ತಂದು ಇಲ್ಲಿ ಬರಿದೆ ಜೋಡಿಸುವವರಿಗೆ ಇನ್ನು ಎಡೆಯಿಲ್ಲವೆಂದು ಸಾರಿದಾಗ, ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕಂಪನಿಗಳು ಗಂಟುಮೂಟೆ ಕಟ್ಟಿದುವು. ಇಲ್ಲಿಯೇ ತಯಾರಿಸಲೊಪ್ಪಿದವರಿಗೆ ಇಲ್ಲಿಯದೇ ಆದ ಬಿಡಿಭಾಗಗಳು ಬೇಕಾದುವು. 1954ರಲ್ಲಿ ಟಾಟಾ ಸಂಸ್ಥೆಯು ಡೈಮ್ಲರ್-ಬೆಂಜ್ ಜೊತೆಗೂಡಿ ಲಾರಿ ಹೊರತಂದಿತು; ಅಶೋಕ್ ಲೇಲ್ಯಾಂಡ್ ಮದರಾಸಿನಲ್ಲಿ ಬೆಳೆಯಿತು; ಹೊಲಗದ್ದೆಗಳಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನುಗಳು ಗುಡುಗಲಾರಂಭಿಸಿದುವು. ಇವೆಲ್ಲಕ್ಕೂ ಪಂಪು ಬೇಕು, ನಾಜಲ್ ಬೇಕು.

ಬೆಂಗಳೂರೇ ಏಕೆ ಎಂದರೆ, ಶಿವನಸಮುದ್ರದ ವಿದ್ಯುತ್ತು 1905ರಲ್ಲಿಯೇ ಬಂದಿದ್ದ ಊರು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ ಏರ್ಪಟ್ಟು, ಮೈಕ್ರೋಮೀಟರು ಹಿಡಿಯಬಲ್ಲ ಕೈಗಳು ತಕ್ಕಮಟ್ಟಿಗೆ ಸಿದ್ಧವಾಗಿದ್ದ ಊರು. ತಾಂತ್ರಿಕ ಶಿಕ್ಷಣ ಸಂಸ್ಥೆಗಳಿದ್ದ ಊರು. ಹವೆಯೂ ತಂಪು. ಆಡುಗೋಡಿಯಲ್ಲಿ ಎದ್ದ ಕಾರ್ಖಾನೆ ಮೊದಲಿಗೆ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಪಂಪಿನ ಭಾಗಗಳನ್ನೂ ಕೈಗೆತ್ತಿಕೊಂಡಿತು. 1960ರ ದಶಕದ ಆರಂಭದಿಂದ ಅಲ್ಲಿಯೇ ನಡೆದುಬಂದ ತರಬೇತಿ ಕೇಂದ್ರಕ್ಕೆ, ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರು ಅಪ್ರೆಂಟಿಸುಗಳಾಗಿ ಸೇರಿ, ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜಿ ಉಜ್ಜಿ ಮಟ್ಟಸಗೊಳಿಸುವುದರಿಂದ ವಿದ್ಯಾಭ್ಯಾಸವನ್ನು ಆರಂಭಿಸುತ್ತಿದ್ದರು. ಯಂತ್ರ ಮುಟ್ಟುವುದು ಆಮೇಲೆ. ಮೊದಲು ಕೈ ಪಳಗಬೇಕು. ‘ಮೈಕೋದಲ್ಲಿ ಕೆಲಸ’ ಎಂಬ ಮಾತು ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಸರ್ಕಾರಿ ನೌಕರಿಗೆ ಸರಿದೊರೆಯಾಗಿ ನಿಲ್ಲುತ್ತಿತ್ತು. ವರಾನ್ವೇಷಣೆಯಲ್ಲಿಯೂ ಅದಕ್ಕೆ ಬೆಲೆಯಿತ್ತು. ಮುಂದೆ ನಾಸಿಕ, ನಾಗನಾಥಪುರ, ಜೈಪುರಗಳಲ್ಲಿ ಕಾರ್ಖಾನೆಗಳು ಎದ್ದುವು. 2008ರಲ್ಲಿ ಮೈಕೋ ಎಂಬ ಹೆಸರನ್ನು ಕೈಬಿಟ್ಟು ಕಂಪನಿಯು ಬಾಷ್ ಲಿಮಿಟೆಡ್ ಎನಿಸಿಕೊಂಡಿತು.

ಕಾರ್ಖಾನೆಯ ಗೋಡೆಯ ಹೊರಗೆ ಅದು ಬೆಳೆಸಿದ ಇನ್ನೊಂದು ಲೋಕವೂ ಉಂಟು. ಚಿತ್ರದುರ್ಗದಲ್ಲೋ ಹುಬ್ಬಳ್ಳಿಯಲ್ಲೋ ಹೆದ್ದಾರಿಯ ಬದಿಯಲ್ಲಿ ಲಾರಿಗಳು ನಿಲ್ಲುವ ಕಡೆ ‘ಪಂಪು, ನಾಜಲ್ ಕೆಲಸ ಮಾಡಲಾಗುವುದು’ ಎಂಬ ಹಲಗೆಯ ಕೆಳಗೆ ಕೂತ ಮಿಸ್ತ್ರಿಯನ್ನು ಓದುಗರು ಕಂಡಿರಬಹುದು. ಗ್ರೀಸು ಮೆತ್ತಿದ ಅಂಗಡಿಯಲ್ಲಿ ಅವನ ಮೇಜೊಂದು ಮಾತ್ರ ಚೊಕ್ಕಟ. ನಾಜಲನ್ನು ಪರೀಕ್ಷಾಯಂತ್ರಕ್ಕೆ ಸಿಕ್ಕಿಸಿ ಕೈಹಿಡಿಯನ್ನು ಒತ್ತುತ್ತಾನೆ. ಚಿರ್ ಚಿರ್ ಎಂಬ ಸದ್ದಿನೊಡನೆ ಡೀಸೆಲು ಮಂಜಿನಂತೆ ಹರಡಿದರೆ ಸರಿ, ಮಕ್ಕಳ ಪಿಚಕಾರಿಯಂತೆ ಒಂದೇ ಎಳೆಯಾಗಿ ಹಾರಿದರೆ ಕೆಟ್ಟಿತೆಂದು ಅರ್ಥ. ಆ ಮಂಜಿಗೆ ಕೈಯೊಡ್ಡಲು ಶಿಷ್ಯನನ್ನು ಬಿಡುವುದಿಲ್ಲ. ಚರ್ಮವನ್ನು ತೂರಿ ಹೋಗುವಷ್ಟು ವೇಗ ಅದಕ್ಕೆ. ಪ್ಲಂಜರು ಸವೆದಿದೆಯೇ ಎಂದು ನೋಡಲು ಡೀಸೆಲಿನಲ್ಲಿ ತೊಳೆದು, ಬ್ಯಾರೆಲಿನಿಂದ ಅರ್ಧ ಹೊರಗೆಳೆದು, ಓರೆಯಾಗಿ ಹಿಡಿಯುತ್ತಾನೆ: ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಾರಿ ಇಳಿದರೆ ಜೋಡಿ ಚೆನ್ನಾಗಿದೆ, ದಡಕ್ಕನೆ ಬಿದ್ದರೆ ಆಯುಸ್ಸು ತೀರಿತು. ಪುಸ್ತಕದಲ್ಲಿ ಮೈಕ್ರಾನುಗಳ ಲೆಕ್ಕದಲ್ಲಿ ಬರೆದುದನ್ನು ಆತನ ಬೆರಳು ಹೀಗೆ ಓದುತ್ತಿತ್ತು. ಸ್ಟುಟ್‌ಗಾರ್ಟಿನ ಸೂಕ್ಷ್ಮತೆಯನ್ನು ಕನ್ನಡ ನಾಡಿನ ರಸ್ತೆಬದಿಗೆ ತಂದು ಹರಡಿದುದೇ ಮೈಕೋದ ನಿಜವಾದ ಸಾಧನೆಯೆಂದು ನನ್ನ ಅಭಿಪ್ರಾಯ. ಅದು ಯಾವ ವಾರ್ಷಿಕ ವರದಿಯಲ್ಲಿಯೂ ಆಸ್ತಿಯ ಅಂಕಣದಲ್ಲಿ ಸೇರಿದುದಲ್ಲ.

ಆದರೆ ಕಾಲವು ಆ ಬೆರಳನ್ನು ಕಾಯಲಿಲ್ಲ. 1967ರಿಂದ ಪೆಟ್ರೋಲ್ ಎಂಜಿನ್ನಿಗೆ ವಿದ್ಯುನ್ಮಾನ ಇಂಧನವ್ಯವಸ್ಥೆ, 1978ರಲ್ಲಿ ಮರ್ಸಿಡಿಸ್ ಕಾರಿಗೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಬ್ರೇಕು, 1995ರಲ್ಲಿ ಜಾರುವ ಕಾರನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ, 1997ರಲ್ಲಿ ಡೀಸೆಲಿಗೆ ಕಾಮನ್ ರೈಲ್, ಹೀಗೆ ಬಾಷ್ ಸಂಸ್ಥೆಯು ಒಂದರ ಮೇಲೊಂದು ಹೊಸತನ್ನು ತರುತ್ತ ಹೋದಂತೆ, ಅಳತೆಯ ಅಧಿಕಾರ ಲೋಹದ ಓರೆ ತೋಡಿನಿಂದ ಗಣಕದ ಕೈಗೆ ದಾಟಿತು. ಇಂಧನದ ಒತ್ತಡ ಸಾವಿರ ವಾತಾವರಣಗಳನ್ನು ಮೀರಿತು. 2020ರ ಏಪ್ರಿಲ್‌ನಿಂದ ಭಾರತದಲ್ಲಿ ಬಿ.ಎಸ್. 6 ಹೊಗೆ ನಿಯಮ ಜಾರಿಗೆ ಬಂದ ಮೇಲೆ, ಲ್ಯಾಪ್‌ಟಾಪ್ ಇಲ್ಲದೆ ಹೊಸ ಲಾರಿಯ ಬಾನೆಟ್ ತೆರೆಯುವುದೇ ವ್ಯರ್ಥವೆನ್ನುವಂತಾಯಿತು.

ಗಣಕದ ಕೈಗೆ ಅಧಿಕಾರ ಹೋದುದರೊಡನೆ ಹೊಣೆಯ ಪ್ರಶ್ನೆಯೂ ತೊಡಕಾಯಿತು. ಹೊಗೆಯ ಪರೀಕ್ಷೆ ನಡೆಯುತ್ತಿದೆಯೆಂಬುದನ್ನು ಅರಿತು ಆಗ ಮಾತ್ರ ಸಭ್ಯವಾಗಿ ವರ್ತಿಸುವ ತಂತ್ರಾಂಶವನ್ನು ತನ್ನ ಡೀಸೆಲ್ ಕಾರುಗಳಲ್ಲಿ ಇರಿಸಿದ್ದುದಾಗಿ 2015ರಲ್ಲಿ ವೋಕ್ಸ್‌ವಾಗನ್ ಒಪ್ಪಿಕೊಂಡಾಗ, ಆ ನಿಯಂತ್ರಣ ಪೆಟ್ಟಿಗೆಗಳನ್ನು ಪೂರೈಸಿದವರು ಯಾರೆಂಬ ವಿಚಾರಣೆ ಬಾಷ್ ಬಾಗಿಲಿಗೆ ಬಂದಿತು. 2019ರಲ್ಲಿ ಸ್ಟುಟ್‌ಗಾರ್ಟಿನ ಅಭಿಯೋಜಕರು ಮೇಲ್ವಿಚಾರಣೆಯ ಲೋಪಕ್ಕಾಗಿ ವಿಧಿಸಿದ 9 ಕೋಟಿ ಯೂರೋ ದಂಡವನ್ನು ಸಂಸ್ಥೆಯು ಮೇಲ್ಮನವಿಯಿಲ್ಲದೆ ತೆತ್ತಿತು. ಕತ್ತಿ ಮಾಡಿದ ಕಮ್ಮಾರನಿಗೆ ಕೊಲೆಯ ಹೊಣೆಯಿಲ್ಲವೆಂಬ ಹಳೆಯ ವಾದ, ಕತ್ತಿಯೊಳಗೆ ಯಾವಾಗ ಕೊಯ್ಯಬೇಕು, ಯಾವಾಗ ಕೊಯ್ಯಬಾರದು ಎಂಬ ವಿವೇಕವನ್ನೂ ಕಮ್ಮಾರನೇ ತುಂಬಿಕೊಡುವ ಈ ಕಾಲದಲ್ಲಿ ನಿಲ್ಲದು.

ಇಂದು ಬಾಷ್ ಸಂಸ್ಥೆಯ ವಾರ್ಷಿಕ ವಹಿವಾಟು ಸುಮಾರು 9,000 ಕೋಟಿ ಯೂರೋ. ದುಡಿಯುವವರು 4 ಲಕ್ಷಕ್ಕೂ ಮೇಲ್ಪಟ್ಟು. ಆದರೂ ಬ್ಯಾಟರಿಯಿಂದ ಓಡುವ ಕಾರಿಗೆ ಪ್ಲಂಜರಾಗಲಿ ನಾಜಲ್ಲಾಗಲಿ ಪ್ಲಗ್ಗಾಗಲಿ ಬೇಡ. ಯಾವ ಯಂತ್ರದ ವ್ಯಾಧಿಗಳನ್ನು ವಾಸಿಮಾಡುತ್ತ ಸಂಸ್ಥೆ ಬೆಳೆಯಿತೋ ಆ ಯಂತ್ರವೇ ಯೂರೋಪಿನಲ್ಲಿ ಹಿಂದೆ ಸರಿಯುತ್ತಿರುವಾಗ, 2025ರ ಸೆಪ್ಟೆಂಬರಿನಲ್ಲಿ ಅದು ಇನ್ನೂ 13,000 ಹುದ್ದೆಗಳನ್ನು ತೆಗೆಯುವುದಾಗಿ ಪ್ರಕಟಿಸಿತು. ನಮ್ಮಲ್ಲಿ ಡೀಸೆಲಿಗೆ ಲಾರಿಯ ಮತ್ತು ಟ್ರಾಕ್ಟರಿನ ಆಶ್ರಯ ಇನ್ನೂ ಇರುವುದರಿಂದ ಆ ಸಂಕಟ ಅಷ್ಟು ಬೇಗ ಮುಟ್ಟಲಾರದು. ಆದರೆ ಆಡುಗೋಡಿಯ ಚಿತ್ರವಂತೂ ಬದಲಾಗಿಹೋಗಿದೆ. ತಯಾರಿಕೆಯು ಬಿಡದಿಗೆ ಸರಿದಿದೆ. ಹಳೆಯ ಆವರಣದಲ್ಲಿ 2022ರಲ್ಲಿ ಉದ್ಘಾಟನೆಗೊಂಡ ಗಾಜಿನ ಭವನಗಳಲ್ಲಿ ಈಗ ತಂತ್ರಾಂಶ ಬರೆಯುವ ಎಂಜಿನಿಯರುಗಳು ಕೂರುತ್ತಾರೆ. ಲೋಹದ ವಾಸನೆ ಇಲ್ಲ, ಪಾಳಿಯ ಸೈರನ್ ಇಲ್ಲ.

ಸ್ಟುಟ್‌ಗಾರ್ಟಿನಲ್ಲಿ ಸಂಸ್ಥೆಗೆ ತನ್ನದೇ ಆದ ದಾಖಲೆ ಭಂಡಾರವಿದೆ. ಟ್ಸೇರಿಂಗರ್ ಎಂಬ ಮೇಸ್ತ್ರಿಯ ಹೆಸರು ನನ್ನಂಥವನಿಗೂ ತಿಳಿದುದು ಅಂತಹ ಬರೆದಿಡುವ ಅಭ್ಯಾಸದಿಂದಲೇ. ಆಡುಗೋಡಿಯ ಪಾಳಿಗಳಲ್ಲಿ ಮೂವತ್ತು ನಲವತ್ತು ವರ್ಷ ಪ್ಲಂಜರು ಉಜ್ಜಿ ನಿವೃತ್ತರಾದವರು ಈಗಲೂ ಬನಶಂಕರಿ, ಜಯನಗರ, ಬಿ.ಟಿ.ಎಂ.ಗಳ ಉದ್ಯಾನಗಳಲ್ಲಿ ಬೆಳಗಿನ ನಡಿಗೆಗೆ ಸಿಗುತ್ತಾರೆ. ಯಾವ ಯಂತ್ರದ ಮುಂದೆ ನಿಂತಿರಿ, ಯಾವ ಉಪಾಯದಿಂದ ಯಾವ ತೊಡಕನ್ನು ಬಿಡಿಸಿದಿರಿ, ಜರ್ಮನ್ ಮೇಸ್ತ್ರಿ ಹೇಳಿದ ಮಾತನ್ನು ನಿಮ್ಮ ಜೊತೆಗಾರನಿಗೆ ಕನ್ನಡದಲ್ಲಿ ಹೇಗೆ ಹೇಳಿಕೊಟ್ಟಿರಿ ಎಂಬುದನ್ನು ದಯವಿಟ್ಟು ಬರೆದಿಡಿ. ಬರೆಯಲು ಬೇಸರವಾದರೆ ಮೊಮ್ಮಕ್ಕಳಿಗೆ ಹೇಳಿ, ಅವರು ಬರೆದುಕೊಳ್ಳಲಿ.